ರಾಜಿಯ ಪಾಯಸವೂ ತೂಬಿನ ಗೋಡೆಯೂ

ಶಾವಿಗೆ ಪಾಯಸ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೀಗೆಂದರೆ ನೀವು ನಗುತ್ತೀರಿ, ಪಾಪ, ಶಾವಿಗೆ ನಿಮಗೇನು ಮಾಡಿತು ಎನ್ನುತ್ತೀರಿ. ಅರಕಲಗೂಡಿಗೂ ಹೊಳೆನರಸೀಪುರಕ್ಕೂ ನಡುವಿನ ನಮ್ಮೂರಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದ ನಾನು ಎಷ್ಟು ರಾಜಿಗಳಲ್ಲಿ ಕೂತು ಆ ಪಾಯಸ ಕುಡಿದಿದ್ದೇನೋ ಹೇಳಲಾರೆ. ಜಗಳವಾಗುತ್ತದೆ, ಹಿರಿಯರು ಸೇರುತ್ತಾರೆ, ಎರಡೂ ಕಡೆಯವರ ಕೈ ಹಿಡಿದು ಕುಲುಕಿಸುತ್ತಾರೆ, ಒಂದೇ ಪಂಕ್ತಿಯಲ್ಲಿ ಕೂರಿಸಿ ಪಾಯಸ ಬಡಿಸುತ್ತಾರೆ, ಫೋಟೊ ತೆಗೆಯುತ್ತಾರೆ. ನನ್ನ ಅಕ್ಷರ ದುಂಡಗಿದೆಯೆಂದು ಕಾಗದ ಪೆನ್ನು ಸಮೇತ ನನ್ನನ್ನೂ ಕರೆಸುತ್ತಾರೆ. ಆದರೆ ನಾನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಯಾರಾದರೊಬ್ಬರು, "ಬರಿಯೋದೆಲ್ಲ ಯಾಕ್ ಬುಡಿ ಟೀಚರಮ್ಮ, ಬರುದ್ರೆ ನಂಬ್ಕೆ ಇಲ್ಲ ಅಂದಂಗಾಯ್ತದೆ" ಅನ್ನುತ್ತಾರೆ. ಎಲ್ಲರೂ ತಲೆದೂಗುತ್ತಾರೆ. ನಾನು ಮುಚ್ಚಳ ಹಾಕಿ ಲೋಟ ಕೈಗೆತ್ತಿಕೊಳ್ಳುತ್ತೇನೆ.

ಎರಡು ವರ್ಷದ ಹಿಂದಿನ ಜಗಳ ಮಾತ್ರ ಕೈಕುಲುಕಿ ಮುಗಿಸುವಂಥದ್ದಾಗಿರಲಿಲ್ಲ. ಕೆರೆಯ ತೂಬು ತೆರೆದು, ಸರದಿಯಂತೆ ಗದ್ದೆಗದ್ದೆಗೂ ನೀರು ತಿರುಗಿಸುತ್ತಿದ್ದ ನಮ್ಮೂರ ಮುದುಕ ನೀರುಗಂಟಿ ತೀರಿಕೊಂಡಿದ್ದ. ಆ ಜಾಗಕ್ಕೆ ಮೇಲಿನ ಕೇರಿಯವನನ್ನು ಇಟ್ಟರೆ ಕೆಳಗಿನ ಕೇರಿಗೆ ಸಿಟ್ಟು, ಕೆಳಗಿನವನನ್ನು ಇಟ್ಟರೆ ಮೇಲಿನವರಿಗೆ ಉರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯಾರನ್ನೂ ಇಡಲೇ ಇಲ್ಲ. ಆ ವರ್ಷವೇ ಎರಡು ಕೇರಿಯವರೂ ಮಚ್ಚು ದೊಣ್ಣೆ ಹಿಡಿದು ಕೆರೆಯ ಏರಿಯ ಮೇಲೆ ಎದುರಾದರು. ಮೇಲಿನ ಕೇರಿಯ ಜವರೇಗೌಡ ಬೀಸಿದ ಮಚ್ಚಿಗೆ ಕೆಳಗಿನ ಕೇರಿಯ ಮಂಜಣ್ಣನ ಬಲಗೈಯ ಎರಡು ಬೆರಳು ಹೋದವು. ಪೊಲೀಸ್ ವ್ಯಾನು ತಿಂಗಳುಗಟ್ಟಲೆ ನಿಂತಿತು. ಆಮೇಲೆ ರಾಜಿಯಾಯಿತು. ಉಳಿದ ಮೂರು ಬೆರಳಿನಲ್ಲಿ ಮಂಜಣ್ಣ ಪಾಯಸದ ಲೋಟ ಹಿಡಿದದ್ದನ್ನು ಕಣ್ಣಾರೆ ಕಂಡವಳು ನಾನು. ಮದುವೆಯ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತಂತೆ, ಅವತ್ತೂ ನೀರುಗಂಟಿಯ ಮಾತನ್ನು ಯಾರೂ ಎತ್ತಲಿಲ್ಲ.

ನಮ್ಮ ಪಕ್ಕದ ಮನೆಯ ಸುಬೇದಾರ್ ರಂಗಸ್ವಾಮಿ ಸೈನ್ಯದಲ್ಲಿದ್ದಾಗ, ಒಳಯುದ್ಧ ಆಗಷ್ಟೇ ನಿಂತಿದ್ದ ಆಫ್ರಿಕಾದ ಒಂದು ದೇಶದಲ್ಲಿ, ಶಾಂತಿಪಾಲನಾ ಪಡೆಯ ನೀಲಿ ಟೋಪಿ ಹಾಕಿಕೊಂಡು ವರ್ಷಕಾಲ ಶಾಂತಿ ಕಾದು ಬಂದವರು. ನನ್ನ ಗೋಳು ಕೇಳಿ ಅವರು ಸುಮ್ಮನೆ ನಕ್ಕರು. "ಬಂದೂಕು ಒಪ್ಸೋದು ಒಂದೇ ವಾರಕ್ಕೆ ಮುಗ್ದೋಯ್ತು ಕಣಕ್ಕ. ರಾಶಿ ಆಕಿ ಸುಟ್ರು, ಕುಣುದ್ರು, ನಾವೂ ಕುಣುದ್ವಿ. ಆಮೇಲೆ ಬೋರ್‌ವೆಲ್ ತಾವ ಯಾರು ಮೊದ್ಲು ಬಿಂದಿಗೆ ಇಡ್ಬೇಕು ಅಂತ ಏಳೋಕೆ ಒಬ್ನೂ ಇರ್ನಿಲ್ಲ. ಮೂರೇ ತಿಂಗ್ಳಿಗೆ, ಒಪ್ಸದೆ ಊತಿಟ್ಟಿದ್ದ ಬಂದೂಕು ಈಚೆಗೆ ಬಂದ್ವು."

ಅಂದಿನಿಂದ ನನ್ನ ಸಿಟ್ಟಿಗೆ ಒಂದು ದಿಕ್ಕು ಸಿಕ್ಕಿದೆ. ಶಾಂತಿಯೆಂದರೆ ಮನಸ್ಸಿನ ತಿಳಿತನ, ಹೃದಯಗಳ ಮಿಲನ ಎಂದೆಲ್ಲ ನಾವು ಭಾಷಣ ಬಿಗಿಯುತ್ತೇವೆ, ಮಂತ್ರದ ಕೊನೆಗೆ ಮೂರು ಸಲ ಅದರ ಹೆಸರು ಹೇಳಿ ಕೈಮುಗಿಯುತ್ತೇವೆ. ಆದರೆ ದಿನಾ ಬೆಳಿಗ್ಗೆ ಎದ್ದು, ಯಾರ ಮೋರೆಯನ್ನೂ ನೋಡದೆ, ಇವತ್ತಿನ ಸರದಿ ಯಾರದೋ ಅವರ ಗದ್ದೆಗೆ ನೀರು ಬಿಡುವ ಒಬ್ಬ ಮನುಷ್ಯ ಬೇಕೆಂಬುದು ನಮಗೆ ಹೊಳೆಯುವುದಿಲ್ಲ. ಮೊಸಳೆ ಎಂಬ ಊರಿನಲ್ಲಿ ಶಿವನ ಗುಡಿಯೂ ಕೇಶವನ ಗುಡಿಯೂ ಅಕ್ಕಪಕ್ಕ ನಿಂತಿರುವುದನ್ನು ತೋರಿಸಿ, ನೋಡಿ ಮಕ್ಕಳೇ ಸಾಮರಸ್ಯ ಎಂದು ಪಾಠ ಮಾಡಿದವಳು ನಾನೇ. ಎರಡರ ನಡುವೆ ಯಾರೋ ಅಳತೆ ಹಿಡಿದು ಜಾಗ ಬಿಟ್ಟಿದ್ದಾರೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಈ ಸಲ ಕೆರೆ ತುಂಬಿ, ತೂಬು ತೆರೆಯುವ ದಿನ ಹತ್ತಿರವಾದಾಗ ಮಂಜಣ್ಣನ ಹೆಂಡತಿ ಗೌರಮ್ಮ ನಮ್ಮ ಜಗುಲಿಗೆ ಬಂದು ಕೂತಳು. "ಸರದಿ ಯಾರ್ದು ಅಂತ ಗೊತ್ತಿಲ್ದಿದ್ರೆ ನನ್ ಗಂಡ ತಿರ್ಗಾ ಮಚ್ಚು ತಕ್ಕಂಡು ಓಯ್ತಾನೆ ಟೀಚರಮ್ಮ. ಉಳ್ದಿರೋ ಬೆರಳಾದ್ರೂ ಉಳುಸ್ಕೊಡಿ" ಅಂದಳು. ನನಗೆ ಕಣ್ಣು ತುಂಬಿತು, ಅದರ ಹಿಂದೆಯೇ ಕೋಪವೂ ಬಂತು. ಸುಬೇದಾರರೂ ನಾನೂ ಎರಡು ಕೇರಿಗೂ ಹತ್ತು ಸಲ ಅಲೆದು, ಚೀಟಿ ಎತ್ತಿಸಿ, ಯಾರ ಗದ್ದೆಗೆ ಯಾವ ದಿನ ನೀರೆಂದು ಪಟ್ಟಿ ಬರೆದು, ಸಹಿ ಹೆಬ್ಬೆಟ್ಟು ಎಲ್ಲ ಹಾಕಿಸಿದೆವು. ನೀರುಗಂಟಿಯ ಹೆಸರಿನ ಜಾಗ ಮಾತ್ರ ಖಾಲಿ ಉಳಿಯಿತು. ಆಮೇಲೆ ಹಿರಿಯರು ಏನು ಮಾಡಿದರು ಗೊತ್ತೆ? ಇಷ್ಟು ಕಷ್ಟಪಟ್ಟು ಆದ ಕಾಗದ ಭದ್ರವಾಗಿರಲಿ ಎಂದು ಅರಿಸಿನ ಕುಂಕುಮ ಹಚ್ಚಿ, ದೇವಸ್ಥಾನದ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದರು! ತೂಬು ತೆರೆಯುವ ಬೆಳಿಗ್ಗೆ ನೋಡಿದರೆ ಪೂಜಾರಪ್ಪ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚನ್ನರಾಯಪಟ್ಟಣದ ನೆಂಟರ ಮನೆಗೆ ಹೋಗಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ.

ಏರಿಯ ಮೇಲೆ ಆಗಲೇ ಎರಡು ಗುಂಪು ಸೇರಿತ್ತು. ನನಗೆ ಎಲ್ಲಿತ್ತೋ ಅಷ್ಟು ರೋಷ, ಮನೆಯಲ್ಲಿದ್ದ ಕರಡು ಪಟ್ಟಿಯನ್ನೂ ಸುಬೇದಾರರು ಗೇಟಿಗೆ ಬಳಿದು ಉಳಿಸಿದ್ದ ಬಣ್ಣದ ಡಬ್ಬಿಯನ್ನೂ ಹಿಡಿದು ನಡೆದೆ. ಕರಿಹಲಗೆಯ ಮೇಲೆ ಬರೆಯುವಂತೆ ತೂಬಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಎಲ್ಲರ ಸರದಿಯನ್ನೂ ಬರೆದೆ. ಕೊನೆಗೆ ನೀರುಗಂಟಿ ಎಂದು ಬರೆದು, "ಯಾರ ಹೆಸರು ಹಾಕಲಿ?" ಎಂದು ತಿರುಗಿ ನಿಂತೆ.

"ನನ್ನೆಸ್ರು ಬರೀರಿ" ಅಂದಳು ಗೌರಮ್ಮ.

"ಎಂಗಸು ತೂಬು ಕಾಯಾದಾ?" ಎಂದು ಹಿಂದಿನಿಂದ ಯಾರೋ ನಕ್ಕರು.

"ಗಂಡಸ್ರು ಕಾದ ಚೆಂದ ನನ್ ಗಂಡನ ಕೈ ನೋಡುದ್ರೆ ಗೊತ್ತಾಯ್ತದೆ" ಅಂದಳು. ನಾನು ಹೆಸರು ಬರೆದೆ.

"ಮೊದ್ಲು ಯಾರ್ದು, ಓದೇಳಿ ಟೀಚರಮ್ಮ" ಎಂದು ಅವಳೇ ಕೇಳಿದಳು.

ಚೀಟಿಯಲ್ಲಿ ಮೊದಲು ಬಂದದ್ದು ಜವರೇಗೌಡನ ಹೆಸರು, ಗೌರಮ್ಮನ ಗದ್ದೆಯ ಸರದಿ ಮೂರನೆಯ ದಿನ. ಓದಿ ಹೇಳಿದೆ. ಅವಳು ಗಂಡನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತೂಬು ಎತ್ತಿದಳು, ನೀರಿನ ಜೊತೆಜೊತೆಗೇ ಕಾಲುವೆಯ ಗುಂಟ ನಡೆದಳು. ಜವರೇಗೌಡ ತನ್ನ ಬದುವಿನ ಮೇಲೆ, ಬೆಳಿಗ್ಗೆಯಿಂದ ಹಿಡಿದಿದ್ದ ಮಚ್ಚನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ತಲೆ ತಗ್ಗಿಸಿ ನಿಂತಿದ್ದ.

"ಅದ್ನ ಅತ್ಲಾಗಿ ಮಡುಗ್ಬುಟ್ಟು ಗುದ್ಲಿ ತಕ್ಕಂಡ್ ಬನ್ನಿ ಗೌಡ್ರೆ" ಅಂದಳು ಗೌರಮ್ಮ. "ನೀರು ಪೋಲಾಗ್ತಾ ಐತೆ."