ಅರ್ಕದ ಹೆಪ್ಪು

ಸವಣೂರಿನಲ್ಲಿ ರಹಿಮಾಬಿಯ ಮನೆಗೆ ದಾರಿ ಕೇಳಬೇಕಿಲ್ಲ. ಹಿಂಗಾರು ಮಳೆ ನಿಂತು ಹದಿನೈದು ದಿನ ಕಳೆದ ಮೇಲೆ ಎಲೆ ಮಾರುವವರ ಓಣಿಗೆ ಬಂದು ನಿಂತರೆ ಸಾಕು, ಪುದೀನ, ಮರುಗ, ಕಾಮಕಸ್ತೂರಿಯ ಘಮ ಕೈಹಿಡಿದು ಅವಳ ಹಿತ್ತಲಿಗೆ ಕರೆದೊಯ್ಯುತ್ತದೆ. ಹಿತ್ತಲೆಂದರೆ ನಾಲ್ಕು ಹೊರಸು ಹಾಸುವಷ್ಟು ಜಾಗ, ಅಷ್ಟೇ. ಅಕ್ಕಿ ತೊಳೆದ ನೀರು ಪುದೀನಕ್ಕೆ, ಒಲೆಯ ಬೂದಿ ಮರುಗಕ್ಕೆ. ಕಾಮಕಸ್ತೂರಿಗೆ ಏನೂ ಬೇಡ, ಅದು ಹಟಮಾರಿ, ಬೈದರೂ ಬೆಳೆಯುತ್ತದೆ.

ಇಬ್ಬನಿ ಆರಿದ ಮೇಲೆ ಸೊಪ್ಪು ಕೊಯ್ದು ತಾಮ್ರದ ಹಂಡೆಗೆ ತುಂಬುತ್ತಾಳೆ. ನೀರು ಹಾಕಿ, ಮುಚ್ಚಳದ ಸುತ್ತ ಉಗಿ ಸೋರದಂತೆ ಗೋದಿಹಿಟ್ಟಿನ ಕಣಕ ಮೆತ್ತಿ, ಹತ್ತಿಕಟ್ಟಿಗೆಯ ಸಣ್ಣ ಉರಿ ಇಡುತ್ತಾಳೆ. ಉಗಿ ಬಿದಿರಿನ ಕೊಳವೆಯೊಳಗೆ ಹಾದು, ತಣ್ಣೀರಿನಲ್ಲಿ ಕುಳಿತ ಕೊಡದೊಳಗೆ ಹನಿಹನಿಯಾಗಿ ಇಳಿಯುತ್ತದೆ. ಅದೇ ಅರ್ಕ. ಹೊಟ್ಟೆಯುಬ್ಬರಕ್ಕೆ, ತಲೆಭಾರಕ್ಕೆ, ಮದುವೆಮನೆಯಲ್ಲಿ ಬೀಗರ ಮೇಲೆ ಚಿಮುಕಿಸಲಿಕ್ಕೆ ಜನ ಒಯ್ಯುತ್ತಾರೆ. ಹನಿ ಬೀಳುವ ಮಧ್ಯಾಹ್ನಗಳಲ್ಲಿ ಇಡೀ ಓಣಿಗೆ ಒಂದು ತೂಕಡಿಕೆ ಹತ್ತುತ್ತದೆ. ಗೋಡೆಯ ಮೇಲಿನ ಬೆಕ್ಕು, ಕಟ್ಟೆಯ ಮೇಲಿನ ಮುದುಕರು, ಎಲ್ಲರೂ ಕಣ್ಣು ಅರ್ಧ ಮುಚ್ಚಿ ಯಾವುದೋ ಹಳೆಯ ಕಾಲದಲ್ಲಿ ಕುಳಿತಿರುತ್ತಾರೆ.

ಆದರೆ ಜನ ಬರುವುದು ಘಮಕ್ಕಿಂತ ಹೆಚ್ಚಾಗಿ ಹೆಪ್ಪಿಗೆ. ಹಾಲಿಗೆ ಹಿಂದಿನ ದಿನದ ಮೊಸರು ಹಾಕುವಂತೆ, ಹೋದ ವರ್ಷದ ಅರ್ಕದ ಒಂದು ಸೀಸೆ ತೆಗೆದಿಟ್ಟು ಈ ವರ್ಷದ ಮೊದಲ ಹಂಡೆಗೆ ಸುರಿಯುವುದು ಆ ಮನೆಯ ಪದ್ಧತಿ. ರಹಿಮಾಬಿಗೆ ಅದನ್ನು ಕಲಿಸಿದವಳು ಅತ್ತೆ ಹುಸೇನಬಿ. ಆಕೆಗೆ ಆಕೆಯ ಅತ್ತೆ. "ನಾಕು ತಲಿಮಾರಿನ ನೀರು ಇದು. ಒಂದು ವರ್ಷನೂ ಹೆಪ್ಪು ತಪ್ಪಿಲ್ಲ" ಎಂದು ರಹಿಮಾಬಿ ಬಂದವರಿಗೆಲ್ಲ ಹೇಳುತ್ತಾಳೆ. ಹೇಳುವಾಗ ಕತ್ತು ತುಸು ಮೇಲೇರುತ್ತದೆ. ಊರಿನವರು ಅವಳನ್ನು ಹೆಪ್ಪಿನ ರಹಿಮಾಬಿ ಎಂದೇ ಕರೆಯುತ್ತಾರೆ, ಅದು ಅವಳಿಗೆ ಬಂಗಾರದ ಬಳೆಗಿಂತ ಹೆಚ್ಚು.

ಈ ಸಲ ಸೊಪ್ಪು ಕೊಯ್ದು ರಾಶಿ ಹಾಕಿ, ಹೆಪ್ಪಿಗೆಂದು ಗೂಡಿಗೆ ಕೈಹಾಕಿದರೆ ಸೀಸೆ ಖಾಲಿ.

ಮಾರುವ ಸೀಸೆಗಳ ಕೊರಳಿಗೆ ಹಸಿರು ದಾರ ಕಟ್ಟುವುದು, ಹೆಪ್ಪಿನ ಸೀಸೆಗೆ ಏನೂ ಕಟ್ಟದಿರುವುದು ರಹಿಮಾಬಿಯ ಗುರುತು. ಕಳೆದ ಬೇಸಿಗೆಯಲ್ಲಿ ಚಿಕ್ಕೇರೂರಿನಿಂದ ಸೊಸೆಯಾಗಿ ಬಂದ ಸುಹಾನಾಗೆ ಅದನ್ನು ಹೇಳಿಕೊಡಬೇಕು ಅಂತ ಮಾತ್ರ ಯಾರಿಗೂ ಹೊಳೆದಿರಲಿಲ್ಲ.

"ಮೊನ್ನಿ ನೀವು ಹಾನಗಲ್ಲಿಗೆ ಹೋದಾಗ ಶಾರವ್ವಾರು ಬಂದಿದ್ರು, ಅಮ್ಮಾ" ಎಂದಳು ಸುಹಾನಾ, ಬಾಗಿಲಿಗೆ ಆತು ನಿಂತು. ಶಾರವ್ವ ಹಿಂದಿನ ಓಣಿಯವಳು. "ಮಗಳು ಬಾಣಂತಿ, ಹೊಟ್ಟಿ ಉಬ್ಬೇತಿ ಅಂದ್ರು. ಬ್ಯಾನಿ ಅಂತ ಬಂದವರನ್ನ ಬರಿಗೈಲೆ ಕಳಸಬಾರದು ಅಂತ ನೀವ ಹೇಳಿದ್ರಿ. ದಾರ ಇಲ್ಲದ್ದು ಮಾರೂದಲ್ಲ, ಮಿಕ್ಕಿದ್ದು ಅಂತ ತಿಳಿದು ಎಲ್ಲಾ ಅವರ ತಂಬಿಗಿಗೆ ಸುರದೇನಿ."

ರಹಿಮಾಬಿ ಸೀಸೆಯನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಒಂದು ಹನಿಯೂ ಇರಲಿಲ್ಲ. ಆ ನೋಟವನ್ನು ಸುಹಾನಾ ಸಿಟ್ಟೆಂದೇ ತಿಳಿದಳು.

"ನಾಕು ತಲಿಮಾರು ಕಾದದ್ದನ್ನ ನಾ ಒಂದು ಗಳಿಗ್ಯಾಗ ಮುಗಿಸಿದೆ. ನನ್ನ ಕೈ ಚಲೋ ಅಲ್ರಿ. ಇನ್ನ ನಿಮ್ಮ ಗಿಡ ಮುಟ್ಟಂಗಿಲ್ಲ" ಎಂದು ಅಡುಗೆಮನೆಯ ಮೂಲೆ ಹಿಡಿದಳು. ಮಧ್ಯಾಹ್ನ ರೊಟ್ಟಿ ಬಡಿದು ಗಂಡ ರಫೀಕನಿಗೆ ಬಡಿಸಿದಳು, ತಾನು ಮಾತ್ರ ತುತ್ತು ಎತ್ತಲಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಇದು ರಹಿಮಾಬಿಯ ಕಾಲ. ಬಾಯಿತುಂಬ ಬೈಯಬಹುದಿತ್ತು, ಓಣಿಯೂ ತಲೆಯಾಡಿಸುತ್ತಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಗಿತ್ತು ಅವಳ ಪಾಡು. ಮೂವತ್ತೆಂಟು ವರ್ಷದ ಹಿಂದೆ, ಮದುವೆಯಾದ ಮೊದಲ ಚಳಿಗಾಲದಲ್ಲಿ, ಹೆಪ್ಪಿನ ಸೀಸೆ ಅವಳದೇ ಒದ್ದೆ ಕೈಯಿಂದ ಜಾರಿ ಬಚ್ಚಲ ಕಲ್ಲಿನ ಮೇಲೆ ಒಡೆದಿತ್ತು. ನೋಡಿದವರು ಯಾರೂ ಇರಲಿಲ್ಲ. ಚೂರುಗಳನ್ನು ಗಿಡದ ಬುಡದಲ್ಲಿ ಹೂತು, ಬೇರೆ ಸೀಸೆಗೆ ಬಾವಿಯ ನೀರು ತುಂಬಿ, ಜಜ್ಜಿದ ಪುದೀನ ಹಾಕಿ ಸೋಸಿ, ಗೂಡಿನಲ್ಲಿಟ್ಟಿದ್ದಳು. ಅಂದಿನಿಂದ ಹೆಪ್ಪಿನ ಮಾತು ಆಡಿದಾಗಲೆಲ್ಲ ಎದೆಯಲ್ಲಿ ಒಂದು ಗಾಜಿನ ಚೂರು ಅಲುಗುತ್ತಿತ್ತು. ಆದರೂ ಆಡುವುದನ್ನು ಬಿಟ್ಟಿರಲಿಲ್ಲ, ಆಡುತ್ತ ಆಡುತ್ತ ಅರ್ಧ ತಾನೇ ನಂಬಿದ್ದಳು.

ಈಗ ಹೇಳಿದರೆ ಹೆಪ್ಪಿನ ರಹಿಮಾಬಿ ಎಂಬ ಹೆಸರು ಹೋಗುತ್ತದೆ. ಹೇಳದಿದ್ದರೆ ಈ ಹುಡುಗಿ ತನ್ನದಲ್ಲದ ಪಾಪವನ್ನು ಬದುಕಿಡೀ ಹೊರುತ್ತಾಳೆ.

ಅವಳು ಸೊಪ್ಪಿನ ರಾಶಿಯ ಪಕ್ಕ ಗೋಡೆಗೆ ಒರಗಿದಳು. ಬಿಸಿಲಿಗೆ ಮರುಗ ಬಾಡುತ್ತ ತನ್ನ ಉಸಿರನ್ನೆಲ್ಲ ಬಿಡುತ್ತಿತ್ತು. ಆ ಘಮದಲ್ಲಿ ಕಣ್ಣು ಎಳೆಯಿತು. ನಿದ್ದೆಯೋ ಎಚ್ಚರವೋ, ತೀರಿಕೊಂಡ ಅತ್ತೆ ಹುಸೇನಬಿ ನಡುಬಾಗಿ ಗಿಡಗಳ ನಡುವೆ ಬಂದಳು. ಸೀಸೆಯ ಬೂಚು ತೆಗೆದು ಮೂಗಿಗೆ ಹಿಡಿದಳು, ಬಹಳ ಹೊತ್ತು ಹಿಡಿದಳು. ಆಮೇಲೆ ಸೊಸೆ ರಹಿಮಾಬಿಯ ಮುಖ ನೋಡಿದಳು. ರಹಿಮಾಬಿ ಎಚ್ಚೆತ್ತಾಗ ಬಿಸಿಲು ಮೂಡಣದ ಗೋಡೆ ಏರಿತ್ತು, ಸೊಪ್ಪು ಇನ್ನು ತಡೆಯುವಂತಿರಲಿಲ್ಲ.

"ಸುಹಾನಾ, ಬಾ ಇಲ್ಲೆ. ಕುಂದರು" ಎಂದಳು. ಕೂರಿಸಿಕೊಂಡು ಎಲ್ಲ ಹೇಳಿದಳು. ಬಚ್ಚಲ ಕಲ್ಲು, ಬಾವಿಯ ನೀರು, ಹೂತ ಚೂರು, ಒಂದನ್ನೂ ಬಿಡಲಿಲ್ಲ. ಮಾತು ಅಲ್ಲಲ್ಲಿ ಮುಗ್ಗರಿಸಿತು.

ಸುಹಾನಾ ಖಾಲಿ ಸೀಸೆಯನ್ನು ಕೈಗೆತ್ತಿಕೊಂಡಳು. "ಅವರಿಗೆ ಗೊತ್ತಾಗ್ಲಿಲ್ಲೇನ್ರಿ, ನಿಮ್ಮ ಅತ್ತಿಯವರಿಗೆ?"

"ಇಲ್ಲ. ಬೂಚು ತಗದು ಮೂಸಿದ್ಲು. ನನ್ನ ಮಾರಿ ನೋಡಿದ್ಲು. ಹಂಡೇಕ ಸುರುವಿದ್ಲು, ಅಷ್ಟ."

"ಮೂಗು ಮಂದ ಇತ್ತೇನ್ರಿ ಅವರದು?"

"ಮಂದಾ? ಆಕಿ ಓಣ್ಯಾಗ ನಿಂತು ಯಾರ ಮನ್ಯಾಗ ಯಾವ ಮಸಾಲಿ ಹುರಿಯಾಕತ್ತಾರ ಅಂತ..." ರಹಿಮಾಬಿ ಥಟ್ಟನೆ ಸೊಸೆಯತ್ತ ತಿರುಗಿದಳು.

"ಹಂಗಾದ್ರ ಅವರಿಗೆ ಗೊತ್ತಿತ್ರಿ, ಅಮ್ಮಾ" ಎಂದಳು ಸುಹಾನಾ, ಮೆಲ್ಲಗೆ.

ಸೀಸೆ ಒಡೆದ ಮರುವರ್ಷದಿಂದ ಹೆಪ್ಪು ಸುರಿಯುವ ಕೆಲಸವನ್ನು ಹುಸೇನಬಿ ರಹಿಮಾಬಿಗೇ ವಹಿಸಿದ್ದಳು. ಸಾಯುವ ತನಕ ಅದರ ಬಗ್ಗೆ ಒಂದು ಮಾತು ಎತ್ತಲಿಲ್ಲ. ತಾನು ಮುದುಕಿಗೆ ಮೋಸ ಮಾಡಿದೆ ಎಂದು ರಹಿಮಾಬಿ ಮೂವತ್ತೆಂಟು ವರ್ಷ ಕೊರಗಿದ್ದಳು. ಆ ಮುದುಕಿ ತನ್ನನ್ನು ಕಾಯ್ದಿದ್ದಳು ಎಂಬುದು ಈಗ, ಈ ಹುಡುಗಿಯ ಬಾಯಿಂದ ತಿಳಿಯಿತು. ಸೆರಗು ಬಾಯಿಗೊತ್ತಿಕೊಂಡು ಅತ್ತಳು. ದುಃಖಕ್ಕೋ ಹಗುರಾಗಿಯೋ ಅವಳಿಗೇ ತಿಳಿಯಲಿಲ್ಲ. ಸುಹಾನಾ ಅವಳ ಬೆನ್ನ ಮೇಲೆ ಕೈಯಿಟ್ಟು ಕುಳಿತಳು.

"ಏಳು, ಸೊಪ್ಪು ಬಾಡತೈತಿ" ಎಂದಳು ಕೊನೆಗೆ ರಹಿಮಾಬಿ. "ನೀನ ಹೂಡು. ಬರೇ ನೀರು ಹಾಕು, ಸಾಕು."

ಸುಹಾನಾ ಹಂಡೆ ತುಂಬಿದಳು, ಕಣಕ ಮೆತ್ತಿದಳು, ಉರಿ ಇಟ್ಟಳು. ಹೊತ್ತು ಮುಳುಗುವ ಮೊದಲು ಕೊಡದೊಳಗೆ ಮೊದಲ ಹನಿ ಬಿತ್ತು. ಇಬ್ಬರೂ ಉಗಿಯ ಮಂಪರಿನಲ್ಲಿ, ಹನಿಯ ಸದ್ದು ಕೇಳುತ್ತ ಕುಳಿತರು.

ಮರುದಿನ ಬೆಳಿಗ್ಗೆ ಶಾರವ್ವ ತಂಬಿಗೆ ಹಿಡಿದು ಬಂದಳು. "ಮಗಳ ಹೊಟ್ಟಿ ಹಗುರಾತು, ರಹಿಮಾಬಿ. ಇನ್ನೊಂದೀಟು ಕೊಡ. ಅದ ಹಳೇ ಹೆಪ್ಪಿಂದ ಐತೆಲ್ಲ?"

ಸುಹಾನಾ ಅತ್ತೆಯ ಮುಖ ನೋಡಿದಳು. ಹೂಂ ಅಂದರೆ ಸಾಕಿತ್ತು, ಶಾರವ್ವ ನಂಬಿಯೇ ಬಂದಿದ್ದಳು.

"ಇಲ್ಲ ಶಾರವ್ವ, ಹೆಪ್ಪು ಇಲ್ಲ. ನನ್ನ ಕಾಲದಾಗ ಒಡದು ಹೋಗಿತ್ತು" ಎಂದಳು ರಹಿಮಾಬಿ. "ಇದು ಹೊಸಾದು. ನನ್ನ ಸೊಸಿ ಮಾಡ್ಯಾಳ."