ಇಳಿತಕ್ಕೊಂದು ಗುಳಿಗೆ

ಹಿರೇಗುತ್ತಿಯ ಮಾಸ್ತಮ್ಮ, ಕಡಲಿನ ಇಳಿತಕ್ಕೆ ನೀರು ತಗ್ಗಿದಾಗ ಅಘನಾಶಿನಿ ಹೊಳೆಯಲ್ಲಿ ಬಳಚು ಹೆಕ್ಕುವವಳು. ಚಿಪ್ಪು ಬೇಯಿಸಿ, ಒಳಗಿನ ಮಾಂಸ ಬಿಡಿಸಿ ಕುಮಟೆ ಪೇಟೆಯಲ್ಲಿ ಮಾರುತ್ತಿದ್ದಳು. ಗಂಡ ಮಂಜ ಗೋವೆಯ ಬೋಟಿಗೆ ದುಡಿಯಲು ಹೋಗಿ ಎಚ್ಐವಿ ತಂದ. ಹೆಂಡತಿಗೆ ಕೊಟ್ಟ, ಅವಳ ಬಸಿರಲ್ಲಿದ್ದ ಸುಶ್ಮಿತಾಗೂ ಮುಟ್ಟಿಸಿದ, ಕಡೆಗೆ ತಾನು ಸತ್ತ. ಮಾಸ್ತಮ್ಮ ಅಳಲಿಲ್ಲ. ಕಲ್ಲೆದೆಯವಳು ಎಂದಿತು ಊರು. ಊರಿಗೇನು, ಆಡಲು ಬಾಯಿ ಇದೆ. ಅವಳಿಗೆ ಒಳಗೆ ಏನೂ ಅನಿಸುತ್ತಲೇ ಇರಲಿಲ್ಲ, ಅಷ್ಟೆ. ಮಗಳೊಬ್ಬಳು ಉಳಿಯಬೇಕು ಎನ್ನುವುದು ಮಾತ್ರ ತಲೆಯಲ್ಲಿತ್ತು.

೨೦೦೭ರಲ್ಲಿ ಇಬ್ಬರಿಗೂ ಸರ್ಕಾರದ ಪುಕ್ಕಟೆ ಗುಳಿಗೆ ಶುರುವಾಯಿತು. ದಿನಕ್ಕೆರಡು ಹೊತ್ತು, ಹನ್ನೆರಡು ತಾಸಿನ ಅಂತರ. ಆದರೆ ತಿಂಗಳ ಕೊನೆಗೆ ಎರಡೂ ಡಬ್ಬಿಗಳಲ್ಲಿ ಎರಡೆರಡು ಹೊತ್ತಿನ ಗುಳಿಗೆ ಉಳಿಯುತ್ತಿತ್ತು.

"ತಪ್ಪಿಸಿದ್ರಲ್ಲ ಅಕ್ಕ?" ಎಂದ ಆಸ್ಪತ್ರೆಯ ಸಲಹೆಗಾರ ಕೃಷ್ಣಾನಂದ.

"ಒಂದೂ ತಪ್ಪಿಸ್ಲಿಲ್ಲ. ದಿನಕ್ಕೆ ಎರಡು ಇಳಿತ, ಎರಡು ಗುಳಿಗೆ. ಹೊಳೆ ಇಳೀತಿದ್ದಾಂಗೆ ನಾನೂ ನುಂಗ್ತೆ, ಅವ್ಳಿಗೂ ಕೊಡ್ತೆ."

ಕೃಷ್ಣಾನಂದ ತಲೆಯ ಮೇಲೆ ಕೈಯಿಟ್ಟ. ಇಳಿತ ದಿನವೂ ಮುಕ್ಕಾಲು ತಾಸು ತಡವಾಗುತ್ತದೆ, ತಿಂಗಳಿಗೆ ಎರಡು ಇಳಿತ ಕಡಿಮೆ ಬೀಳುತ್ತದೆ ಎಂದು ಕಡಲ ಬದಿಯ ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಹಾಳೆಯ ಮೇಲೆ ಒಂದು ಚಿಪ್ಪಿನ ಚಿತ್ರ ಬರೆದ.

"ರೋಗಾಣು ತನ್ನ ಬೀಜವನ್ನ ಹೀಂಗೊಂದು ಚಿಪ್ಪಲ್ಲಿಟ್ಕೊಂಡು ನಮ್ಮ ರಕ್ತಕಣದೊಳಗೆ ನುಗ್ತದೆ. ಅಲ್ಲಿ ಚಿಪ್ಪು ಬಾಯಿ ಬಿಟ್ರೇ ಅದರ ಆಟ. ಚಿಪ್ಪಿಗೇ ಅಂಟಿ ಬಿಗಿದುಬಿಡೂ ಮದ್ದು ಹುಡುಕ್ತಾ ಇದ್ದಾರೆ."

"ಬೇಯಿಸಿದ್ರೂ ಬಾಯಿ ಬಿಡದ್ದು ಸತ್ತ ಬಳಚು. ಎಸೀತೇವೆ," ಎಂದಳು ಮಾಸ್ತಮ್ಮ. "ಆ ಮದ್ದು ಯಾವಾಗ ಬತ್ತದೆ?"

"ಹತ್ತು ವರ್ಷವೋ, ಹದಿನೈದೋ. ಅಲ್ಲೀವರೆಗೆ ಈ ಗುಳಿಗೆಯೇ ಗತಿ. ಇದು ಬೀಜ ಹೆಚ್ಚೂದನ್ನ ತಡೀತದೆ. ಹೊತ್ತು ತಪ್ಪಿದ್ರೆ ರೋಗಾಣು ಇದಕ್ಕೆ ಪಳಗಿಬಿಡ್ತದೆ. ಆಮೇಲೆ ನುಂಗಿಯೂ ಉಪಯೋಗ ಇಲ್ಲ."

"ಸುಶ್ಮಿತಾನ ಮೈಯೊಳಗೆ ಪಳಗಿದ್ಯಾ?"

"ರಕ್ತ ನೋಡದೆ ಎಂತ ಹೇಳೂದು?"

ಮಾಸ್ತಮ್ಮ ಹಾಳೆಯನ್ನೇ ನೋಡುತ್ತ ಕೂತಳು. "ನಡುರಾತ್ರಿ ಇಳಿತ ಬಂದ್ರೆ ಕೂಸು ಒಲ್ಲೆ ಅಂತಿತ್ತು ಸರ್. ಹೊಡೆದು ಎಬ್ಬಿಸಿ ನುಂಗಿಸ್ದೆ. ಹೊತ್ತು ತಪ್ಪಬಾರ್ದು ಅಂತಲೇ ಹೊಡೆದೆ."

ರಕ್ತ ತೆಗೆಯಲು ನರ್ಸ್ ಕರೆದಳು. ಆರು ವರ್ಷದ ಸುಶ್ಮಿತಾ ಹೊರಗಿನ ಬೆಂಚಿನ ಮೇಲೆ ಗೋಡೆಗೊರಗಿ ನಿದ್ದೆಹೋಗಿದ್ದಳು. ಮಾಸ್ತಮ್ಮ ಮೆಲ್ಲಗೆ ಅವಳ ಭುಜ ಮುಟ್ಟಿದಳು. ಹುಡುಗಿ ಕಣ್ಣು ತೆರೆಯುವ ಮೊದಲೇ ಗುಳಿಗೆಗೆಂದು ಬಾಯಿ ತೆರೆದಳು. ಮಾಸ್ತಮ್ಮ ಅವಳನ್ನು ಎತ್ತಿ ಎದೆಗೊತ್ತಿಕೊಂಡಳು.