ಗೆಸ್ಟ್ ಟೀಚರ್ ಗಂಗೋತ್ರಿ

ಬಿಳಿಚೋಡಿನ ಹತ್ತಿರದ ಪುಟ್ಟ ಸರ್ಕಾರಿ ಶಾಲೆಯ ಗೆಸ್ಟ್ ಟೀಚರ್ ಗಂಗೋತ್ರಿಗೆ ಎಲೆಕ್ಷನ್ ಆಟೋದ ಮೈಕು ಕೇಳಿದರೆ ಸಾಕು, ಹೇಳಿಕೊಡುತ್ತಿದ್ದ ಮಗ್ಗಿ ಬಾಯಲ್ಲೇ ನಿಲ್ಲುತ್ತದೆ. ಒಬ್ಬ ಅಭ್ಯರ್ಥಿ ಸಣ್ಣ ಶಾಲೆಗಳನ್ನು ಮುಚ್ಚಿ ಹೋಬಳಿಗೊಂದು ದೊಡ್ಡ ಶಾಲೆ ಕಟ್ಟಿಸುತ್ತಾರಂತೆ. ಇನ್ನೊಬ್ಬರು ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಮೀಡಿಯಂ ತರುತ್ತಾರಂತೆ. ಮೂರನೆಯವರು ಎಲ್ಲ ಶಾಲೆಗೂ ಕಾಯಂ ಮೇಷ್ಟ್ರನ್ನು ಹಾಕುತ್ತಾರಂತೆ. ಇವುಗಳಲ್ಲಿ ಯಾವುದು ನಡೆದರೂ ಕನ್ನಡದಲ್ಲೇ ಓದಿದ ಗಂಗೋತ್ರಿಯ ಕೆಲಸ ಹೋಗುತ್ತದೆ. ಆದರೂ ಓಟು ಕೇಳಲು ಬಂದವರಿಗೆಲ್ಲ ಕುರ್ಚಿ ಒರೆಸಿ, ನೀರು ಕೊಟ್ಟು, "ಮಕ್ಕಳಿಗೆ ಒಳ್ಳೇದೇ ಸಾರ್" ಅನ್ನುತ್ತಾಳೆ. ಅದು ಸುಳ್ಳೂ ಅಲ್ಲ. "ಟೀಚರಮ್ಮ, ಮೂರೂ ಮಂದಿಗೂ ತಲೆ ಆಡಿಸ್ತೀರಲ್ಲ, ಓಟು ಯಾರಿಗ್ರೀ?" ಎಂದು ಬಿಸಿಯೂಟದ ಚೌಡಕ್ಕ ಛೇಡಿಸಿದರೆ, "ಹೇಳಿದ್ದನ್ನ ಮಾಡಾಕೆ ಯಾರು ತಡ ಮಾಡ್ತಾರೋ ಅವರಿಗೇ ಅಕ್ಕ" ಎಂದು ನಗುತ್ತಾಳೆ. ಸಂಜೆ ಜಗಳೂರಿನ ಬಸ್ಸಿಗೆ ಹೊರಟಾಗ ಮಕ್ಕಳು ಎಂದಿನಂತೆ, "ಟೀಚರ್, ಹೋಗ್ತೀರಾ?" ಎಂದು ಕೂಗುತ್ತವೆ. ಆಗ ಮಾತ್ರ ಆ ನಗುಮುಖ ಬಿಳಿಚಿಕೊಳ್ಳುತ್ತದೆ. ಗೇಟಿನಿಂದ ವಾಪಸ್ ಬಂದು, "ಹಂಗನ್ನಬಾರದು, ಹೋಗಿ ಬರ್ರಿ ಅನ್ನಬೇಕು" ಎಂದು ಒಬ್ಬೊಬ್ಬರ ಬಾಯಲ್ಲೂ ಹೇಳಿಸುತ್ತಾಳೆ. ಅತ್ತ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ, ಮೂಲೆಯಲ್ಲಿ ನಾಚಿ ನಿಂತ ಮಗು ಬಾಯಿ ಬಿಡುವವರೆಗೆ ಅವಳು ಗೇಟು ದಾಟುವುದಿಲ್ಲ.